ಕೆಂಪು ಲೈಟಿಗೆ ಎರಡು ಕೆಲಸ: ಎಂಜಿನ್ ಬದಲಿಸಿದ ಒಂದು ಜೀಪಿನ ಪ್ರಕರಣ

"ಕೀ ನನ್ನ ಕೈಯಲ್ಲೇ ಇದೆ ಕಣೋ. ಎಂಜಿನ್ ಮಾತ್ರ ಓಡ್ತಾನೇ ಇದೆ."

ಜುಲೈ ತಿಂಗಳ ಒಂದು ಸಂಜೆ ನಮ್ಮ ಸೋದರಮಾವ ಫೋನಿನಲ್ಲಿ ಹೇಳಿದ ಮಾತಿದು. ಹಿಂದಿನಿಂದ ಡೀಸೆಲ್ ಎಂಜಿನ್ನಿನ ಸದ್ದು ನನಗೂ ಕೇಳಿಸುತ್ತಿತ್ತು. "ಮಾವ, ಬ್ರೇಕ್ ಗಟ್ಟಿ ಒತ್ತಿ. ಟಾಪ್ ಗೇರ್ ಹಾಕಿ, ಕ್ಲಚ್ ಬಿಟ್ಟುಬಿಡಿ" ಅಂದೆ. ಜೀಪು ಒಮ್ಮೆ ಜಗ್ಗಿ ಸುಮ್ಮನಾಯಿತು. ಆ ವಾರದ ಭಾನುವಾರ ಮಲ್ಟಿಮೀಟರ್ ಹಿಡಿದು ಮೂಡಿಗೆರೆ ಬಸ್ಸು ಹತ್ತಿದೆ. ನನ್ನ ಕೆಲಸ ಹಾಸನದಲ್ಲಿ, ಪಂಪ್‌ಸೆಟ್ಟು ಮತ್ತು ಪ್ಯಾನೆಲ್ ಬೋರ್ಡುಗಳ ವೈರಿಂಗ್. ಗಾಡಿಯ ವೈರಿಂಗ್ ನನಗೆ ಪ್ರೀತಿಯ ವಿಷಯ. ಮಾವನ ಜೀಪು ಅದಕ್ಕಿಂತ ಜಾಸ್ತಿ ಪ್ರೀತಿಯದು, ಡ್ರೈವಿಂಗ್ ಕಲಿತದ್ದೇ ಅದರಲ್ಲಿ.

ಇಲ್ಲಿ ಬರೆಯುತ್ತಿರುವುದು ಡ್ಯಾಶ್‌ಬೋರ್ಡಿನ ಒಂದು ಪುಟ್ಟ ಕೆಂಪು ಲೈಟಿನ ಬಗ್ಗೆ, ಬ್ಯಾಟರಿ ಚಾರ್ಜ್ ಆಗುತ್ತಿದೆಯೇ ಅಂತ ತಿಳಿಸುವ ಚಾರ್ಜಿಂಗ್ ಲೈಟ್. ಎಂಜಿನ್ ಬದಲಿಸುವಾಗ ಎಲ್ಲರೂ ಕೊನೆಗೆ ನೋಡುವ ವೈರು ಅದು. ಈ ಜೀಪಿನಲ್ಲಿ ಅದೊಂದೇ ವೈರನ್ನು ಮೂರು ಜನ ಮೂರು ರೀತಿ ಜೋಡಿಸಿದ್ದರು. ಮೂರಕ್ಕೂ ಬೇರೆ ಬೇರೆ ತೊಂದರೆ ಬಂದಿತ್ತು.

ಜೀಪಿನ ಹಿನ್ನೆಲೆ

ಜೀಪು 1970ರ ದಶಕದ ಕೊನೆಯ ಮಹೀಂದ್ರ. ಅದರಲ್ಲಿ ಇದ್ದದ್ದು ಇಂಟರ್‌ನ್ಯಾಷನಲ್ ಡೀಸೆಲ್ ಎಂಜಿನ್. ಬಿ-275 ಟ್ರ್ಯಾಕ್ಟರ್ ಓಡಿಸಿದವರಿಗೆ ಆ ಎಂಜಿನ್ನಿನ ಗುಣ ಗೊತ್ತು: ನಿಧಾನ, ಆದರೆ ಹಟಮಾರಿ. ಗೊಬ್ಬರದ ಮೂಟೆ, ಕಾಫಿ ಹಣ್ಣಿನ ಚೀಲ, ಮಳೆಗಾಲದಲ್ಲಿ ಕೆಲಸದವರು, ಎಲ್ಲವನ್ನೂ ಹೊತ್ತು ನಲವತ್ತು ವರ್ಷ ದುಡಿಯಿತು. ಕೊನೆಗೆ ಬ್ಲಾಕ್ ಬಿರುಕು ಬಿಟ್ಟಿತು. ಮಾವ ಜೀಪು ಮಾರಲು ಒಪ್ಪಲಿಲ್ಲ. ಇನ್ನೊಂದು ಮಹೀಂದ್ರ ಗಾಡಿಯಿಂದ ಇಳಿಸಿದ ಪ್ಯೂಜೊ ಎಕ್ಸ್‌ಡಿ3ಪಿ ಎಂಜಿನ್ ತಂದು ಕೂರಿಸಿದರು. ನಾಲ್ಕು ಸಿಲಿಂಡರ್, 2498 ಸಿಸಿ, ಸ್ಟಾರ್ಟ್ ಮಾಡುವ ಮುಂಚೆ ಒಳಗೆ ಬಿಸಿ ಮಾಡುವ ಹೀಟರ್ ಪ್ಲಗ್ ಇರುವ ಡೀಸೆಲ್ ಎಂಜಿನ್.

ಕಾಗದದ ವಿಷಯ ಒಂದು ಮಾತು. ಎಂಜಿನ್ ಬದಲಿಸುವ ಮುಂಚೆ ಆರ್‌ಟಿಒ ಕಚೇರಿಯ ಒಪ್ಪಿಗೆ ಬೇಕು, ಹೊಸ ಎಂಜಿನ್ ನಂಬರು ಆರ್‌ಸಿಯಲ್ಲಿ ಏರಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದಕ್ಕೇ ಇರುವುದು. ಮಾವ ಅದನ್ನು ಮೊದಲೇ ಮುಗಿಸಿದ್ದರು.

ಎಂಜಿನ್ ಕೂರಿಸಿದ ಮೇಸ್ತ್ರಿಯ ಕೆಲಸ ನೋಡಿ ನನಗೆ ನಿಜಕ್ಕೂ ಗೌರವ ಬಂತು. ಮೌಂಟಿಂಗ್, ಬೆಲ್ ಹೌಸಿಂಗ್, ರೇಡಿಯೇಟರ್ ಪೈಪು, ಸೈಲೆನ್ಸರ್, ಎಲ್ಲ ಅಚ್ಚುಕಟ್ಟು. ಉಳಿದದ್ದು ವೈರಿಂಗ್. ಹಳೆ ಎಂಜಿನ್ನಿಗೆ ಬ್ಯಾಟರಿ ಚಾರ್ಜ್ ಮಾಡಲು ಡೈನಮೋ ಇತ್ತು. ಅದರ ಪಕ್ಕ ಬಾಡಿ ಮೇಲೆ, ಆ ಚಾರ್ಜಿಂಗನ್ನು ಹಿಡಿತದಲ್ಲಿಡುವ ಒಂದು ಕಪ್ಪು ಕಟೌಟ್ ಡಬ್ಬಿ. ಹೊಸ ಎಂಜಿನ್ನಿಗೆ ಅದೇ ಕೆಲಸಕ್ಕೆ ಬಂದದ್ದು ಆಲ್ಟರ್ನೇಟರ್, ವೋಲ್ಟೇಜ್ ಮಿತಿಯಲ್ಲಿಡುವ ರೆಗ್ಯುಲೇಟರ್ ಅದರ ಹೊಟ್ಟೆಯೊಳಗೇ. ಇನ್ನೊಂದು ವ್ಯತ್ಯಾಸ ಎಂಜಿನ್ ನಿಲ್ಲಿಸುವ ರೀತಿಯಲ್ಲಿ. ಹಳೆ ಎಂಜಿನ್ನನ್ನು ನಿಲ್ಲಿಸಲು ಡ್ಯಾಶ್‌ಬೋರ್ಡಿನಲ್ಲಿ ಒಂದು ಎಳೆಯುವ ಕೇಬಲ್ ಇತ್ತು. ಹೊಸದಕ್ಕೆ ಡೀಸೆಲ್ ಪಂಪಿನ ಮೇಲೆ ಸ್ಟಾಪ್ ಸೊಲೆನಾಯ್ಡ್. ಕೀ ಆನ್ ಇದ್ದು ಅದಕ್ಕೆ ಕರೆಂಟ್ ಸಿಕ್ಕರೆ ಡೀಸೆಲ್ ಹರಿಯುತ್ತದೆ, ಕರೆಂಟ್ ಹೋದರೆ ಡೀಸೆಲ್ ನಿಲ್ಲುತ್ತದೆ. ಈ ಎರಡನೇ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೂರು ಕೈ, ಮೂರು ಜೋಡಣೆ

ಮೇ ತಿಂಗಳಲ್ಲಿ ಜೀಪು ಗ್ಯಾರೇಜಿನಿಂದ ಬಂದಾಗ ಚಾರ್ಜಿಂಗ್ ಲೈಟ್ ಉರಿಯುತ್ತಲೇ ಇರಲಿಲ್ಲ. ಲೈಟಿನ ವೈರು ಹಳೆ ಕಟೌಟ್ ಡಬ್ಬಿಯ ತುದಿಯಲ್ಲೇ ಉಳಿದಿತ್ತು. ಆಲ್ಟರ್ನೇಟರಿನ ದಪ್ಪ ವೈರು ಬ್ಯಾಟರಿಗೆ ಹೋಗಿತ್ತು, ಸಣ್ಣ ಟರ್ಮಿನಲ್ ಖಾಲಿ. "ಲೈಟ್ ಇಲ್ಲದಿದ್ರೆ ಏನಾಯ್ತು, ಚಾರ್ಜ್ ಆಗುತ್ತಲ್ಲ" ಅಂತ ಎಲ್ಲರೂ ಅಂದುಕೊಂಡರು. ಮಳೆ ಶುರುವಾಗಿ ವೈಪರ್, ಹೆಡ್‌ಲೈಟ್ ಹಾಕಿದ ಮೂರನೇ ದಿನ ಬ್ಯಾಟರಿ ಮಲಗಿತು. ಸೆಲ್ಫ್ ಹೊಡೆದರೆ ಬರೀ ಟಕ್ ಟಕ್.

ಎರಡನೆಯವರು ಒಬ್ಬ ಆಟೋ ಎಲೆಕ್ಟ್ರಿಷಿಯನ್. ಅವರು ಸಣ್ಣ ಟರ್ಮಿನಲ್ ಖಾಲಿ ಇರುವುದನ್ನು ಗುರುತಿಸಿದರು. ಆದರೆ ಡ್ಯಾಶ್‌ಬೋರ್ಡಿನ ಹಳೆ ಬಲ್ಬ್ ಹೋಲ್ಡರ್ ಮುರಿದಿತ್ತು. ಅದರ ಜಾಗಕ್ಕೆ ಒಂದು ಕೆಂಪು ಎಲ್‌ಇಡಿ ಹಾಕಿ, ಅದರ ಮೂಲಕ ಕೀಯಿಂದ ಆಲ್ಟರ್ನೇಟರಿಗೆ ವೈರು ಎಳೆದರು. ಈಗ ಕೀ ಆನ್ ಮಾಡಿದರೆ ಲೈಟ್ ಬರುತ್ತಿತ್ತು. ಎಂಜಿನ್ ಸ್ಟಾರ್ಟ್ ಆದ ಮೇಲೂ ಉಳಿಯುತ್ತಿತ್ತು. ರಸ್ತೆಗೆ ಹೋಗಿ ಜೋರಾಗಿ ಓಡಿಸಿದಾಗ ಆರುತ್ತಿತ್ತು. "ಡೀಸೆಲ್ ಗಾಡೀಲಿ ಹಾಗೇ ಇರುತ್ತೆ" ಅಂತ ಯಾರೋ ಮಾವನಿಗೆ ಧೈರ್ಯ ಹೇಳಿದರು.

ಒಂದು ವಿಚಿತ್ರ ಮಾವನೇ ಗಮನಿಸಿದ್ದರು. ಪೇಟೆಗೆ ಹೋಗಿ ಬಂದ ದಿನ ಬ್ಯಾಟರಿ ಚೆನ್ನಾಗಿರುತ್ತಿತ್ತು. ಇಡೀ ದಿನ ತೋಟದೊಳಗೇ ಓಡಿಸಿದ ದಿನ ಸಂಜೆ ಜೀಪು ತಳ್ಳಬೇಕಾಗುತ್ತಿತ್ತು. ಅವರು ಇದನ್ನು ಹೇಳಿದಾಗ ಅರ್ಧ ರೋಗ ಅಲ್ಲೇ ತಿಳಿಯಿತು. ಗಾಡಿ ಓಡಿಸುವವರ ಇಂಥ ಮಾತನ್ನು ಯಾವತ್ತೂ ಅರ್ಧಕ್ಕೆ ತಡೆಯಬಾರದು. ಮೀಟರ್ ಹೇಳದ ಎಷ್ಟೋ ವಿಷಯ ಅವರಿಗೆ ಗೊತ್ತಿರುತ್ತದೆ.

ಮೂರನೇ ಕೈಯವರು ಎಲ್‌ಇಡಿಯನ್ನೇ ತೆಗೆದು, ಕೀ ಲೈನಿನಿಂದ ಆಲ್ಟರ್ನೇಟರಿನ ಸಣ್ಣ ಟರ್ಮಿನಲ್ಲಿಗೆ ನೇರ ವೈರು ಕೊಟ್ಟರು. ಚಾರ್ಜಿಂಗ್ ತಕ್ಷಣ ಸರಿಹೋಯಿತು. ಐಡಲ್‌ನಲ್ಲೇ, ಅಂದರೆ ರೇಸ್ ಕೊಡದೆ ಎಂಜಿನ್ ಸುಮ್ಮನೆ ಓಡುವಾಗಲೇ, 14 ವೋಲ್ಟ್. ಎಲ್ಲರಿಗೂ ಖುಷಿ. ಅದೇ ಸಂಜೆ ಮಾವ ಕೀ ತೆಗೆದು ಕೈಯಲ್ಲಿ ಹಿಡಿದು ನನಗೆ ಫೋನ್ ಮಾಡಿದ್ದು.

ಬಲ್ಬಿನ ಅಸಲಿ ಕೆಲಸ

ಡೈನಮೋ ಕಾಲದ ತಿಳಿವಳಿಕೆಯನ್ನು ತಪ್ಪು ಅನ್ನಲಾಗದು. ಡೈನಮೋಗೆ ಅದು ಪೂರ್ತಿ ಸರಿ. ಡೈನಮೋ ಒಳಗಿನ ಕಬ್ಬಿಣದಲ್ಲಿ ಸ್ವಲ್ಪ ಅಯಸ್ಕಾಂತ ಗುಣ ಉಳಿದಿರುತ್ತದೆ. ತಿರುಗಲು ಶುರುಮಾಡಿದರೆ ಅಷ್ಟರಿಂದಲೇ ತಾನಾಗಿ ಎದ್ದುಕೊಳ್ಳುತ್ತದೆ. ಅಲ್ಲಿ ಕೆಂಪು ಲೈಟ್ ಬರೀ ಸುದ್ದಿ ಹೇಳುವುದು. ಬಲ್ಬ್ ಸುಟ್ಟರೂ ಚಾರ್ಜಿಂಗ್ ನಿಲ್ಲದು.

ಈ ಥರದ ಆಲ್ಟರ್ನೇಟರಿನಲ್ಲಿ ಹಾಗಲ್ಲ. ತಿರುಗುವ ರೋಟರ್ ಒಂದು ಸುರುಳಿ, ಅಂದರೆ ಎಲೆಕ್ಟ್ರೋಮ್ಯಾಗ್ನೆಟ್. ಅದಕ್ಕೆ ಹೊರಗಿನಿಂದ ಮೊದಲು ಸ್ವಲ್ಪ ಕರೆಂಟ್ ಕೊಡಬೇಕು. ಆಗ ಅದು ಅಯಸ್ಕಾಂತವಾಗಿ, ಸುತ್ತಲಿನ ಸ್ಟೇಟರ್ ಅನ್ನುವ ತಿರುಗದ ಸುರುಳಿಗಳಲ್ಲಿ ಕರೆಂಟ್ ಹುಟ್ಟುತ್ತದೆ. ಹುಟ್ಟಿದ ಕರೆಂಟಿನ ಒಂದು ಪಾಲು ಕರೆಂಟನ್ನು ಒಂದೇ ಕಡೆಗೆ ಬಿಡುವ ಒಳಗಿನ ಮೂರು ಸಣ್ಣ ಡಯೋಡುಗಳ ಮೂಲಕ ಮತ್ತೆ ರೋಟರಿಗೇ ಬರುತ್ತದೆ. ಆಮೇಲೆ ಹೊರಗಿನ ಸಹಾಯ ಬೇಡ. ತೋಟದ ಪಂಪಿಗೆ ಮೊದಲು ಒಂದು ಕೊಡ ನೀರು ಕುಡಿಸುತ್ತೇವಲ್ಲ, ಆಮೇಲೆ ಅದು ತಾನೇ ಎಳೆಯುತ್ತದೆ, ಥೇಟ್ ಹಾಗೆ. ಮಾವನಿಗೆ ಹೀಗೆ ಹೇಳಿದ ಕೂಡಲೇ ಅರ್ಥವಾಯಿತು. "ಹಾಗಾದ್ರೆ ಆ ಬಲ್ಬು ಕೊಡ ಅನ್ನು" ಅಂದರು.

ಹೌದು. ಆ ಮೊದಲ ಕೊಡ ನೀರು ಬರುವುದು ಚಾರ್ಜಿಂಗ್ ಬಲ್ಬಿನ ಮೂಲಕ. ಕೀ ಆನ್ ಮಾಡಿದಾಗ ಕರೆಂಟ್ ಬ್ಯಾಟರಿಯಿಂದ ಕೀಗೆ, ಕೀಯಿಂದ ಬಲ್ಬಿಗೆ, ಬಲ್ಬಿನಿಂದ ಆಲ್ಟರ್ನೇಟರಿನ ಡಿ+ ಅನ್ನುವ ಸಣ್ಣ ಟರ್ಮಿನಲ್ಲಿಗೆ, ಅಲ್ಲಿಂದ ರೋಟರ್ ದಾಟಿ ಅರ್ಥಿಗೆ, ಅಂದರೆ ಬ್ಯಾಟರಿಯ ನೆಗೆಟಿವ್ ಸೇರಿರುವ ಗಾಡಿಯ ಬಾಡಿಗೆ, ಹೋಗುತ್ತದೆ. ಬಲ್ಬ್ ಉರಿಯುತ್ತದೆ. ಎಂಜಿನ್ ಓಡಿ ಆಲ್ಟರ್ನೇಟರ್ ಎದ್ದ ಮೇಲೆ ಡಿ+ನಲ್ಲೂ ಸುಮಾರು 14 ವೋಲ್ಟ್ ಬರುತ್ತದೆ. ಬಲ್ಬಿನ ಎರಡೂ ಕಡೆ ಒಂದೇ ವೋಲ್ಟೇಜ್. ವ್ಯತ್ಯಾಸ ಇಲ್ಲದಿದ್ದರೆ ಕರೆಂಟ್ ಹರಿಯದು, ಬಲ್ಬ್ ಆರುತ್ತದೆ. ಯಾರೂ ಸ್ವಿಚ್ ಹಾಕಿ ಆರಿಸುವುದಿಲ್ಲ. ಎರಡು ಕಡೆಯ ಒತ್ತಡ ಸಮ ಆಗಿ ತಾನೇ ಆರುವ ಲೈಟ್ ಇದು. ಈ ಸರಳತೆ ನನಗೆ ಇವತ್ತಿಗೂ ತುಂಬಾ ಇಷ್ಟ.

ಈಗ ಲೆಕ್ಕ ನೋಡಿ. 12 ವೋಲ್ಟಿನ 2.2 ವ್ಯಾಟ್ ಬಲ್ಬ್ ಸುಮಾರು 0.18 ಆಂಪಿಯರ್ ಬಿಡುತ್ತದೆ. ರೋಟರನ್ನು ಐಡಲ್‌ನಲ್ಲೇ ಎಬ್ಬಿಸಲು ಇಷ್ಟು ಸಾಕು. ಎಲ್‌ಇಡಿ ಬಿಡುವುದು 0.02 ಆಂಪಿಯರ್ ಆಸುಪಾಸು, ಒಂಬತ್ತರಲ್ಲಿ ಒಂದು ಪಾಲು. ಕೊಡದ ಬದಲು ಒಂದು ಲೋಟ. ಅಷ್ಟರಲ್ಲಿ ರೋಟರ್ ಏಳಬೇಕಾದರೆ ಎಂಜಿನ್ ಜೋರಾಗಿ ತಿರುಗಬೇಕು. ಪೇಟೆಗೆ ಹೋಗುವಾಗ ಏರಿನಲ್ಲಿ ರೇಸ್ ಕೊಟ್ಟರೆ ಏಳುತ್ತಿತ್ತು, ಎದ್ದ ಮೇಲೆ ಎಂಜಿನ್ ನಿಲ್ಲಿಸುವ ತನಕ ಚಾರ್ಜ್ ಮಾಡುತ್ತಿತ್ತು. ತೋಟದ ಕೆಸರಿನಲ್ಲಿ ಫೋರ್ ವೀಲ್ ಹಾಕಿಕೊಂಡು ನಿಧಾನ ಸಾಗುವಾಗ ಏಳುತ್ತಲೇ ಇರಲಿಲ್ಲ. ಹೆಡ್‌ಲೈಟಿಗೇ ಹತ್ತು ಆಂಪಿಯರ್ ಮೇಲೆ ಬೇಕು, ವೈಪರ್ ಬೇರೆ. ಸಂಜೆ ಹೊತ್ತಿಗೆ ಬ್ಯಾಟರಿಯಲ್ಲಿ ಹೀಟರ್ ಪ್ಲಗ್ ಕಾಯಿಸುವ ಶಕ್ತಿಯೂ ಉಳಿಯುತ್ತಿರಲಿಲ್ಲ.

ಮೂರನೇ ಜೋಡಣೆಯ ತೊಂದರೆ ಇದಕ್ಕೆ ತಿರುಗುಮುರುಗು. ಬಲ್ಬ್ ಇಲ್ಲದ ನೇರ ವೈರಿನಲ್ಲಿ ಕರೆಂಟ್ ಎರಡೂ ಕಡೆಗೆ ಸಲೀಸಾಗಿ ಹರಿಯುತ್ತದೆ. ಕೀ ತೆಗೆದ ಮೇಲೆ ಬ್ಯಾಟರಿಯಿಂದ ಬರುವ ಕರೆಂಟ್ ನಿಲ್ಲುತ್ತದೆ, ನಿಜ. ಆದರೆ ಆಲ್ಟರ್ನೇಟರ್ ಇನ್ನೂ ತಿರುಗುತ್ತಿದೆ. ಡಿ+ನ 14 ವೋಲ್ಟ್ ಅದೇ ವೈರಿನಲ್ಲಿ ಹಿಂದಕ್ಕೆ ಬಂದು ಕೀ ಲೈನಿಗೆ ಸೇರಿ, ಅಲ್ಲಿಂದ ಸ್ಟಾಪ್ ಸೊಲೆನಾಯ್ಡಿಗೆ ಹೋಗುತ್ತದೆ. ಸೊಲೆನಾಯ್ಡ್ ಡೀಸೆಲ್ ಬಿಡುತ್ತದೆ, ಎಂಜಿನ್ ಓಡುತ್ತದೆ, ಆಲ್ಟರ್ನೇಟರ್ ತಿರುಗುತ್ತದೆ, ಮತ್ತೆ ಸೊಲೆನಾಯ್ಡ್. ಒಂದು ಸುತ್ತು ಪೂರ್ತಿ. ಹಳೆ ಎಂಜಿನ್ ಇದ್ದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ, ಅದನ್ನು ನಿಲ್ಲಿಸುತ್ತಿದ್ದದ್ದು ಕೇಬಲ್ ತಾನೇ. ಜೊತೆಗೆ ಇನ್ನೊಂದು ಅಪಾಯವೂ ಇತ್ತು. ಎಂಜಿನ್ ಓಡದೆ ಕೀ ಆನ್ ಇದ್ದರೆ ನೇರ ವೈರಿನಲ್ಲಿ ರೋಟರಿಗೆ ಮೂರು ನಾಲ್ಕು ಆಂಪಿಯರ್ ಸುಮ್ನೆ ಹರಿಯುತ್ತಿರುತ್ತದೆ. ಬ್ಯಾಟರಿಯೂ ಇಳಿಯುತ್ತದೆ, ಆಲ್ಟರ್ನೇಟರೂ ಬಿಸಿಯಾಗುತ್ತದೆ.

ಭಾನುವಾರದ ಕೆಲಸ

ಮಳೆ ಬಿಡುವು ಕೊಟ್ಟಿರಲಿಲ್ಲ. ಗೊಬ್ಬರದ ಶೆಡ್ಡಿನೊಳಗೆ ಜೀಪು ನಿಲ್ಲಿಸಿ ಬಾನೆಟ್ ಎತ್ತಿದೆವು. ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದೆ. ಆಲ್ಟರ್ನೇಟರಿನ ದಪ್ಪ ಬೋಲ್ಟಿಗೆ, ಅಂದರೆ ಬಿ+ಗೆ, ಕೀ ಆಫ್ ಇದ್ದರೂ ಬ್ಯಾಟರಿಯ ಕರೆಂಟ್ ಇರುತ್ತದೆ. ಅಲ್ಲಿ ಸ್ಪ್ಯಾನರ್ ಜಾರಿ ಬಾಡಿಗೆ ತಾಗಿದರೆ ಕಿಡಿ ಅಲ್ಲ, ಬೆಂಕಿಯೇ.

ಹಿಂದೆ ಮೂರು ಟರ್ಮಿನಲ್ ಇತ್ತು. ದಪ್ಪದ್ದು ಬಿ+. ಸಣ್ಣದು ಡಿ+. ಇನ್ನೊಂದು ಡಬ್ಲ್ಯು, ಆರ್‌ಪಿಎಂ ಮೀಟರ್ ಇರುವ ಗಾಡಿಗೆ ಬೇಕಾಗುವುದು, ನಮಗೆ ಬೇಡ. ನೇರ ವೈರನ್ನು ಕಿತ್ತು ಹಾಕಿದೆ. ಕಟೌಟ್ ಡಬ್ಬಿಗೆ ಹೋಗಿದ್ದ ಎಲ್ಲ ವೈರುಗಳನ್ನೂ ಬಿಡಿಸಿ ಡಬ್ಬಿಯನ್ನೇ ತೆಗೆದೆ. ಮಾವ ಅದನ್ನು ಒರೆಸಿ ಮನೆಯೊಳಗೆ ಎತ್ತಿಟ್ಟುಕೊಂಡರು.

ಮೊದಲು ಮನಸ್ಸಿಗೆ ಬಂದದ್ದು ಎಲ್‌ಇಡಿಯನ್ನು ವಾಪಸ್ ಹಾಕಿ ಪಕ್ಕಕ್ಕೆ 47 ಓಮಿನ 5 ವ್ಯಾಟ್ ರೆಸಿಸ್ಟರ್, ಅಂದರೆ ಕರೆಂಟನ್ನು ಅಳತೆಯಲ್ಲಿ ತಡೆದು ಬಿಡುವ ತುಂಡು, ಹಾಕುವುದು. ಎಲ್‌ಇಡಿ ಲೈಟ್ ತೋರಿಸಲಿ, ರೆಸಿಸ್ಟರ್ ಕರೆಂಟ್ ಬಿಡಲಿ ಅಂತ. ಹಾಕಿ ನೋಡಿದೆ. ಐಡಲ್‌ನಲ್ಲೇ ಚಾರ್ಜಿಂಗ್ ಬಂತು. ಕೀ ತೆಗೆದೆ. ಎಂಜಿನ್ ನಿಂತಿತು, ಆದರೆ ಕೂಡಲೇ ಅಲ್ಲ. ಎರಡು ಮೂರು ಸೆಕೆಂಡು ಎಳೆದಾಡಿ, ನಡುಗಿ, ಆಮೇಲೆ ನಿಂತಿತು. ರೆಸಿಸ್ಟರಿನ ಮೂಲಕ ಹಿಂದಕ್ಕೆ ಬರುವ ಸ್ವಲ್ಪ ಕರೆಂಟ್ ಸೊಲೆನಾಯ್ಡನ್ನು ಬಿಡಲೂ ಆಗದೆ ಹಿಡಿಯಲೂ ಆಗದೆ ಇಟ್ಟಿತ್ತು. ಸೊಲೆನಾಯ್ಡಿನ ಸ್ವಭಾವವೇ ಅದು: ಎಳೆದುಕೊಳ್ಳಲು ಜಾಸ್ತಿ ವೋಲ್ಟೇಜ್ ಬೇಕು, ಹಿಡಿದಿಟ್ಟುಕೊಳ್ಳಲು ಸ್ವಲ್ಪ ಸಾಕು. ಇವತ್ತು ಮೂರು ಸೆಕೆಂಡು, ನಾಳೆ ನಿಲ್ಲದೆಯೂ ಹೋಗಬಹುದು. ಇದು ಬೇಡ ಅಂತ ತೀರ್ಮಾನಿಸಿದೆ.

ಕೊನೆಗೆ ಮಾಡಿದ್ದು ಹೀಗೆ. ಎಲ್‌ಇಡಿ ತೆಗೆದು ಮಾಮೂಲಿ 12 ವೋಲ್ಟ್ 2.2 ವ್ಯಾಟ್ ಬಲ್ಬ್ ಹಾಕಿದೆ. ಬಲ್ಬಿನ ಪಕ್ಕಕ್ಕೆ 100 ಓಮಿನ 5 ವ್ಯಾಟ್ ರೆಸಿಸ್ಟರ್. ಮುಂದೊಂದು ದಿನ ಬಲ್ಬ್ ಸುಟ್ಟುಹೋದರೂ ರೋಟರಿಗೆ 0.12 ಆಂಪಿಯರ್ ಸಿಗಲಿ, ದಾರಿಯಲ್ಲಿ ನಿಲ್ಲದಿರಲಿ ಅಂತ. ಇವೆರಡೂ ಸೇರಿ ಹೊರಡುವ ವೈರಿನಲ್ಲಿ ಒಂದು 1ಎನ್4007 ಡಯೋಡ್, ಬಿಳಿ ಗೆರೆ ಆಲ್ಟರ್ನೇಟರ್ ಕಡೆಗೆ. ಡಯೋಡ್ ಅಂದರೆ ಫುಟ್‌ವಾಲ್ವ್ ಇದ್ದ ಹಾಗೆ, ಒಂದು ಕಡೆಗೆ ಬಿಡುತ್ತದೆ, ವಾಪಸ್ ಬಿಡದು. ಕೀಯಿಂದ ರೋಟರಿಗೆ ಹೋಗುವ ಕರೆಂಟಿಗೆ ಅಡ್ಡಿ ಇಲ್ಲ. ಡಿ+ನಿಂದ ಕೀ ಲೈನಿಗೆ ಬರುವ ದಾರಿ ಮುಚ್ಚಿತು. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಸಾಮಾನು. ಸೋಲ್ಡರ್ ಮಾಡಿ, ಸ್ಲೀವ್ ತೊಡಿಸಿ, ಅಲುಗದ ಹಾಗೆ ಡ್ಯಾಶ್‌ಬೋರ್ಡಿನ ಹಿಂದೆ ಕಟ್ಟಿದೆ. ಎಂಜಿನ್ ಪಕ್ಕ ಕಟ್ಟಿದರೆ ಬಿಸಿಗೂ ನಡುಕಕ್ಕೂ ಕಾಲು ಮುರಿಯುತ್ತದೆ.

ಬಲ್ಬ್ ಹೋಲ್ಡರ್ ಹುಡುಕುವಾಗ ಒಂದು ಗಂಟೆ ಹೋಯಿತು. ಅದಕ್ಕೂ ಕಾರಣ ಇದೆ. ಡ್ಯಾಶ್‌ಬೋರ್ಡಿನ ನೀಲಿ ಹೈಬೀಮ್ ಲೈಟಿನ ಹೋಲ್ಡರ್ ಗಟ್ಟಿಯಾಗಿತ್ತು, ಅದನ್ನೇ ಬಿಚ್ಚಿ ಹಾಕೋಣ ಅಂದರು ಮಾವ. ಆದರೆ ಅದಕ್ಕೆ ಒಂದೇ ವೈರು. ಇನ್ನೊಂದು ಕಡೆ ಹೋಲ್ಡರಿನ ತಗಡೇ ಮೀಟರ್ ಪ್ಯಾನೆಲ್ ಮೂಲಕ ಅರ್ಥ್ ಆಗುತ್ತದೆ. ಚಾರ್ಜಿಂಗ್ ಲೈಟಿಗೆ ಅದು ನಡೆಯದು. ಈ ಬಲ್ಬಿನ ಯಾವ ಕಡೆಯೂ ಬಾಡಿಗೆ ತಾಗಬಾರದು, ಒಂದು ಕಡೆ ಕೀ, ಇನ್ನೊಂದು ಕಡೆ ಡಿ+, ಅಷ್ಟೇ. ತಾಗಿದರೆ ಬಲ್ಬ್ ಸದಾ ಉರಿಯುತ್ತಲೇ ಇರುತ್ತದೆ, ರೋಟರಿಗೆ ಏನೂ ಹೋಗುವುದಿಲ್ಲ. ಕೊನೆಗೆ ಹಳೆ ಟ್ರ್ಯಾಕ್ಟರಿನ ಒಂದು ಎರಡು ವೈರಿನ ಹೋಲ್ಡರ್ ಶೆಡ್ಡಿನಲ್ಲೇ ಸಿಕ್ಕಿತು.

ಜೋಡಿಸಿದ ಮೇಲೆ ಪರೀಕ್ಷೆ. ಆಲ್ಟರ್ನೇಟರಿಗೆ ಸಿಕ್ಕಿಸುವ ಮುಂಚೆ ಡಿ+ ವೈರಿನ ತುದಿಯನ್ನು ಎಂಜಿನ್ ಬ್ಲಾಕಿಗೆ ಮುಟ್ಟಿಸಿ ಕೀ ಆನ್ ಮಾಡಿದೆ. ಬಲ್ಬ್ ಪೂರ್ತಿ ಬೆಳಗಿತು. ಅಂದರೆ ಕೀಯಿಂದ ಆ ತುದಿಯ ತನಕ ದಾರಿ ಸರಿ ಇದೆ. ಆಮೇಲೆ ಡಿ+ಗೆ ಸಿಕ್ಕಿಸಿ ಕೀ ಆನ್: ಬಲ್ಬ್ ಉರಿಯುತ್ತಿದೆ, ಡಿ+ನಲ್ಲಿ ಒಂದೂವರೆ ವೋಲ್ಟ್ ಆಸುಪಾಸು. ಸೆಲ್ಫ್ ಹೊಡೆದೆವು. ಎಂಜಿನ್ ಹಿಡಿದ ಕೂಡಲೇ ಬಲ್ಬ್ ಆರಿತು. ರೇಸ್ ಕೊಡದೆಯೇ. ಬ್ಯಾಟರಿಯಲ್ಲಿ 14.1 ವೋಲ್ಟ್. ಕೀ ತೆಗೆದೆ, ಟಕ್ಕನೆ ನಿಂತಿತು. ಮಾವ ನನ್ನ ಕೈಯಿಂದ ಕೀ ತೆಗೆದುಕೊಂಡು ಐದು ಸಲ ಸ್ಟಾರ್ಟ್ ಮಾಡಿ ಐದು ಸಲ ನಿಲ್ಲಿಸಿದರು.

ಆ ಹೊತ್ತಿಗೆ ಊಟಕ್ಕೆ ಬಂದಿದ್ದ ಪಕ್ಕದ ತೋಟದವರು ಒಂದು ಸಲಹೆ ಕೊಟ್ಟರು. "ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ತೆಗೆದು ನೋಡು, ನಿಲ್ಲದಿದ್ರೆ ಚಾರ್ಜಿಂಗ್ ಸರಿ ಅಂತ ಅರ್ಥ." ಅವರ ಕೈಯನ್ನು ಹಿಡಿದು ತಡೆದೆ. ಡೈನಮೋ ಕಾಲದಲ್ಲಿ ಎಲ್ಲರೂ ಹೀಗೇ ನೋಡುತ್ತಿದ್ದರು. ಆಲ್ಟರ್ನೇಟರ್ ಇರುವಾಗ ಹಾಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೇ ಚಿಮ್ಮಿ ಒಳಗಿನ ಡಯೋಡ್, ರೆಗ್ಯುಲೇಟರ್ ಎಲ್ಲ ಹೋಗಬಹುದು. ಮೀಟರಿನ ಎರಡು ಕಡ್ಡಿ ಬ್ಯಾಟರಿಗೆ ಮುಟ್ಟಿಸಿದರೆ ಗೊತ್ತಾಗುವ ವಿಷಯಕ್ಕೆ ಅಷ್ಟು ದೊಡ್ಡ ಅಪಾಯ ಯಾಕೆ, ಅಲ್ವಾ?

ಕತ್ತಲಾದ ಮೇಲೆ ಕಂಡದ್ದು

ಕೆಲಸ ಮುಗಿಯಿತು ಅಂದುಕೊಂಡೆ. ಸಂಜೆ ಏಳಕ್ಕೆ ಜೀಪನ್ನು ಶೆಡ್ಡಿನಿಂದ ಮನೆ ಮುಂದೆ ತರುವಾಗ ಮಾವ ಕರೆದರು. "ಇಲ್ಲಿ ನೋಡು, ಪೂರ್ತಿ ಆರಿಲ್ಲ." ಬಗ್ಗಿ ನೋಡಿದೆ. ಕೆಂಪು ಗಾಜಿನ ಹಿಂದೆ ಬೀಡಿಯ ತುದಿಯಷ್ಟು ಮಂಕು ಬೆಳಕು. ಹೆಡ್‌ಲೈಟ್ ಹಾಕಿದರೆ ಇನ್ನೊಂಚೂರು ಜಾಸ್ತಿ. ಹಗಲಿನಲ್ಲಿ ಕಾಣುವಂಥದ್ದಲ್ಲ.

ಬಲ್ಬ್ ಹಾಕಿದ್ದಕ್ಕೆ ಆಗಲೇ ನನಗೆ ನಿಜವಾದ ಸಮಾಧಾನ ಆದದ್ದು. ಎಲ್‌ಇಡಿ ಆಗಿದ್ದರೆ ಇಷ್ಟು ಸಣ್ಣ ವ್ಯತ್ಯಾಸಕ್ಕೆ ಏನನ್ನೂ ತೋರಿಸದೆ ಇರಬಹುದಿತ್ತು. ಬಲ್ಬ್ ಎಷ್ಟು ಉರಿಯುತ್ತದೆ ಅನ್ನುವುದೂ ಒಂದು ಸುದ್ದಿಯೇ.

ಮಂಕಾಗಿ ಉರಿಯಲು ಸಾಮಾನ್ಯವಾಗಿ ಎರಡು ಕಾರಣ. ಒಂದು, ಆಲ್ಟರ್ನೇಟರಿನ ಒಳಗಿನ ಡಯೋಡ್ ಕೆಟ್ಟು ಬಿ+ಗೂ ಡಿ+ಗೂ ವೋಲ್ಟೇಜ್ ಸಮ ಬರದಿರುವುದು. ಇನ್ನೊಂದು, ಬಲ್ಬಿನ ಕೀ ಕಡೆಯ ವೋಲ್ಟೇಜ್ ದಾರಿಯಲ್ಲಿ ಸೋರಿಹೋಗಿರುವುದು. ಡಯೋಡ್ ಹಾಕಿದ ಮೇಲೆ ಎರಡನೆಯದು ಆಗಲಾರದು ಅಂತ ಮೊದಲು ಅನ್ನಿಸಿತು. ಡಿ+ನಿಂದ ಹಿಂದಕ್ಕೆ ಬರಲು ದಾರಿಯೇ ಇಲ್ಲವಲ್ಲ! ಹಾಗಾದರೆ ಆಲ್ಟರ್ನೇಟರೇ ಕೆಟ್ಟಿದೆಯಾ ಅಂತ ಭಯವಾಯಿತು. ಟಾರ್ಚ್ ಹಿಡಿದು ಮೀಟರ್ ಇಟ್ಟೆ. ಬಿ+ 14.2. ಡಿ+ 14.1. ಆಲ್ಟರ್ನೇಟರ್ ಆರೋಗ್ಯವಾಗಿದೆ. ಬಲ್ಬಿನ ಕೀ ಕಡೆ ನೋಡಿದೆ: 12.2. ಎರಡು ವೋಲ್ಟ್ ಎಲ್ಲೋ ಕಾಣೆ.

ಆದರೆ ಡಯೋಡ್ ಇರುವಾಗ ಬಲ್ಬ್ ಉರಿಯುವುದು ಹೇಗೆ? ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕಿ ಬಲ್ಬಿನ ವೈರನ್ನು ಬೆರಳಲ್ಲೇ ಹುಡುಕುತ್ತಾ ಹೋದೆ. ಕಟೌಟ್ ಡಬ್ಬಿಯಿಂದ ಬಿಡಿಸಿದ್ದ ಹಳೆ ವೈರು ಸಿಕ್ಕಿತು. ಮೂರನೇ ಜೋಡಣೆಯವರು ಅದನ್ನೇ ಡಿ+ಗೆ ಬಳಸಿದ್ದರು, ನಾನು ಕಿತ್ತು ಹಾಕಿದ್ದು ಅದರ ಒಂದು ಭಾಗ ಮಾತ್ರ. ಅದರ ಒಂದು ಕವಲು ವೈರಿಂಗ್ ಕಟ್ಟಿನೊಳಗೆ ಟೇಪ್ ಸುತ್ತಿಕೊಂಡು ಉಳಿದಿತ್ತು, ನನ್ನ ಡಯೋಡನ್ನು ದಾಟದೆ ಪಕ್ಕದಿಂದ ಸುತ್ತಿ ಬಲ್ಬಿಗೆ ಸೇರಿತ್ತು. ಹಗಲಿನಲ್ಲಿ ಎಂಜಿನ್ ಸರಿಯಾಗಿ ನಿಂತದ್ದು ಡಯೋಡಿನಿಂದಲ್ಲ ಅಂತ ಆಗ ಗೊತ್ತಾಯಿತು. ಆ ಕವಲನ್ನು ಕತ್ತರಿಸಿ ತೆಗೆದೆ. ಮಂಕು ಬೆಳಕು ಆರಿತು.

ಬೆಳಕು ಆರಿದರೂ ಕಾಣೆಯಾದ ಎರಡು ವೋಲ್ಟನ್ನು ಹಾಗೇ ಬಿಡುವಂತಿರಲಿಲ್ಲ. ಅದೇ ಕೀ ಲೈನ್ ಸೊಲೆನಾಯ್ಡಿಗೂ ಹೋಗುತ್ತದೆ. ಬ್ಯಾಟರಿಯಿಂದ ಕೀ ಸ್ವಿಚ್ಚಿನ ತನಕ ಒಂದೊಂದೇ ಜಾಯಿಂಟಿಗೆ ಮೀಟರ್ ಇಡುತ್ತಾ ಬಂದೆ. ಸ್ವಿಚ್ಚಿನ ಹಿಂದಿನ ಒಂದು ಥಿಂಬಲ್ (ವೈರಿನ ತುದಿಗೆ ಒತ್ತಿ ಕೂರಿಸುವ ತಗಡು) ಹಸಿರು ಹಿಡಿದು, ಪಕ್ಕದ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ಬೆಚ್ಚಗಿತ್ತು. ಅದನ್ನು ಕತ್ತರಿಸಿ, ವೈರು ಕೆರೆದು, ಹೊಸ ಥಿಂಬಲ್ ಹಾಕಿದೆ. 12.2 ಇದ್ದದ್ದು 13.9 ಆಯಿತು.

ಅರ್ಥಿಂಗ್ ಮತ್ತು ಎಣ್ಣೆ ಲೈಟ್

ಮಾರನೇ ದಿನ ಬೆಳಿಗ್ಗೆ ಹೊರಡುವ ಮುಂಚೆ ಇನ್ನೊಂದು ವಿಷಯ ನೋಡಿದೆ. ಎಂಜಿನ್ ಬದಲಿಸಿದ ಗಾಡಿಯಲ್ಲಿ ಇದನ್ನು ನೋಡದೆ ಬರಬಾರದು. ಎಂಜಿನ್ ಕೂರುವುದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯದು. ಬ್ಲಾಕಿನಿಂದ ಚಾಸಿಗೆ ಒಂದು ದಪ್ಪ ಹೆಣೆದ ಪಟ್ಟಿ ಬೇಕು. ಈ ಜೀಪಿನಲ್ಲಿ ಅದನ್ನು ವಾಪಸ್ ಹಾಕಿರಲಿಲ್ಲ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ನೆಗೆಟಿವ್‌ಗೂ ಬ್ಲಾಕಿಗೂ ನಡುವೆ 1.8 ವೋಲ್ಟ್ ಕಂಡಿತು. ಸೆಲ್ಫಿನ ಅಷ್ಟು ಕರೆಂಟ್ ಎಲ್ಲಿಂದ ವಾಪಸ್ ಹೋಗುತ್ತಿತ್ತು? ಎಕ್ಸಲರೇಟರ್ ಕೇಬಲ್ ಮುಟ್ಟಿ ನೋಡಿದೆ, ಬಿಸಿ. ಹೊಸ ಪಟ್ಟಿ ಹಾಕಿ, ಕೂರುವ ಜಾಗದ ಬಣ್ಣ ಕೆರೆದು ಬಿಗಿ ಮಾಡಿದೆವು. 1.8 ಇದ್ದದ್ದು 0.2ಕ್ಕೆ ಇಳಿಯಿತು. ಸೆಲ್ಫಿನ ಸದ್ದೇ ಬದಲಾಯಿತು.

ಎಣ್ಣೆ ಲೈಟಿನದು ಇನ್ನೊಂದು ಕಥೆ. ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ಅದು ಮಂಕಾಗಿ ಉರಿಯುತ್ತಿತ್ತು. ಆಯಿಲ್ ಪ್ರೆಶರ್ ಇಳಿದಿದೆ ಅಂತ ಮಾವ ಬೇರಿಂಗ್ ಬದಲಿಸುವ ಯೋಚನೆಯಲ್ಲಿದ್ದರು. ಬ್ಲಾಕಿನಲ್ಲಿ ನೋಡಿದರೆ ಅಲ್ಲಿದ್ದದ್ದು ಎರಡು ಟರ್ಮಿನಲ್ಲಿನ ಸೆಂಡರ್, ಅಂದರೆ ಎಣ್ಣೆಯ ಪ್ರೆಶರನ್ನು ಡ್ಯಾಶ್‌ಬೋರ್ಡಿಗೆ ತಿಳಿಸುವ ಭಾಗ. ಒಂದರ ಪಕ್ಕ ಜಿ, ಇನ್ನೊಂದರ ಪಕ್ಕ ಡಬ್ಲ್ಯುಕೆ ಅಂತ ಕೊರೆದಿತ್ತು. ಜಿ ಇರುವುದು ಪ್ರೆಶರ್ ತೋರಿಸುವ ಮುಳ್ಳಿನ ಮೀಟರಿಗೆ. ಪ್ರೆಶರ್ ಏರಿದ ಹಾಗೆ ಅದರ ಓಮ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಏರುತ್ತದೆ, ಪೂರ್ತಿ ಕಡಿದುಹೋಗುವುದಿಲ್ಲ. ಡಬ್ಲ್ಯುಕೆ ಇರುವುದು ಲೈಟಿಗೆ, ಪ್ರೆಶರ್ ಬಂದ ಕೂಡಲೇ ಸ್ವಿಚ್ಚಿನ ಹಾಗೆ ಕಡಿಯುತ್ತದೆ. ಲೈಟಿನ ವೈರು ಜಿಗೆ ಹೋಗಿತ್ತು. ಎರಡು ಇಂಚು ಆಚೆಗೆ ಸರಿಸಿದೆ. ಅದಾದ ಮೇಲೂ ಸುಮ್ನೆ ನಂಬದೆ ಗ್ಯಾರೇಜಿನಿಂದ ಪ್ರೆಶರ್ ಗೇಜ್ ತರಿಸಿ ಕಟ್ಟಿ ನೋಡಿದೆವು, ಪ್ರೆಶರ್ ಚೆನ್ನಾಗಿತ್ತು. ಬೇರಿಂಗಿನ ಖರ್ಚು ಉಳಿಯಿತು.

ಟೆಂಪರೇಚರ್ ಮುಳ್ಳು ಇನ್ನೂ ಸರಿ ಇಲ್ಲ. ಹೊಸ ಎಂಜಿನ್ನಿನ ಸೆಂಡರಿಗೂ ಹಳೆ ಮೀಟರಿಗೂ ಓಮ್ ಹೊಂದುವುದಿಲ್ಲ, ತಣ್ಣಗಿದ್ದರೂ ಅರ್ಧಕ್ಕೆ ಏರಿ ನಿಲ್ಲುತ್ತದೆ. ಹಳೆ ಸೆಂಡರಿನ ತಿರುಪು ಹೊಸ ಬ್ಲಾಕಿಗೆ ಕೂರದು. ಅದಕ್ಕೆ ಒಂದು ಅಡಾಪ್ಟರ್ ಲೇತಿನಲ್ಲಿ ಕೊರೆಸಲು ಕೊಟ್ಟಿದ್ದೇವೆ.

ಮಾವ ಈಗ ಕೀ ಅರ್ಧ ತಿರುಗಿಸಿ ನಿಲ್ಲಿಸುತ್ತಾರೆ. ಎರಡು ಕೆಂಪು ಲೈಟ್ ಬಂತಾ ಅಂತ ನೋಡುತ್ತಾರೆ. ಬಾರದಿದ್ದರೆ ಸೆಲ್ಫ್ ಹೊಡೆಯುವುದಿಲ್ಲ. ವೈರಿಂಗಿನ ಚಿತ್ರವನ್ನು ಒಂದು ಹಾಳೆಯಲ್ಲಿ ಬರೆದು, ಪ್ಲಾಸ್ಟಿಕ್ ಕವರಿಗೆ ಹಾಕಿ, ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಅಂಟಿಸಿ ಬಂದಿದ್ದೆ. ಎಂಜಿನ್ ಕೂರಿಸಿದ ಮೇಸ್ತ್ರಿ ಅದರ ಫೋಟೋ ತೆಗೆದುಕೊಂಡು ಹೋಗಿದ್ದರಂತೆ. ಆಗಸ್ಟ್ ಕೊನೆಯಲ್ಲಿ ಅವರೇ ಫೋನ್ ಮಾಡಿದರು. ಇನ್ನೊಂದು ಹಳೆ ಜೀಪಿಗೆ ಪ್ಯೂಜೊ ಕೂರಿಸುತ್ತಿದ್ದಾರಂತೆ.

"ಆ ಡಯೋಡಿನ ಬಿಳಿ ಗೆರೆ ಯಾವ ಕಡೆಗೆ ಬರಬೇಕು ಅಂದ್ರಿ?"

"ಆಲ್ಟರ್ನೇಟರ್ ಕಡೆಗೆ, ಅಣ್ಣ. ಮತ್ತೆ ಹಳೆ ಕಟೌಟಿನ ವೈರು ಒಂದೂ ಉಳಿಯದ ಹಾಗೆ ತೆಗೆದುಬಿಡಿ."